ಲೇಬಲ್ಲಿಗೆ ನಾಲಿಗೆ ಇಲ್ಲ

ನೇರ ಮಾತಿಗೆ ಬರ್ತೀನಿ. ನಮ್ಮಲ್ಲಿ ವೈನ್ ಕುಡಿಯೋರು ಬಾಳ ಕಡಿಮೆ, ಲೇಬಲ್ ಕುಡಿಯೋರು ಬಾಳ ಮಂದಿ. ಬಾಟಲಿ ಮೇಲಿನ ಚೀಟಿ ಓದಿ, ಬೆಲೆ ಕೇಳಿ, ಆಮೇಲೆ ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಕಣ್ಣು ಅರ್ಧ ಮುಚ್ಚಿ "ಆಹಾ" ಅನ್ನುವವರ ಸಂಖ್ಯೆ ಬೆಂಗಳೂರು ದಾಟಿ ಹುಬ್ಬಳ್ಳಿ ತನಕ ಬಂದು ಕೂತಿದೆ. ಅವರ ಆ "ಆಹಾ" ನಾಲಿಗೆಯಿಂದ ಬಂದದ್ದಲ್ಲ, ಚೀಟಿಯಿಂದ ಬಂದದ್ದು. ಇದನ್ನು ಸಾಬೀತು ಮಾಡಲಿಕ್ಕೆ ಬೇಕಾಗೋದು ಒಂದು ಹಳೇ ಪೇಪರು, ಒಂದಿಷ್ಟು ಜಗ್ಗು, ಅಷ್ಟೇ.

"ಯಲವಿಗಿಯವನಿಗೆ ವೈನಿನ ಉಸಾಬರಿ ಯಾಕ?" ಅಂತ ಕೇಳುವವರು ಇದ್ದಾರೆ. ಕೇಳಲಿ. ನಮ್ಮೂರು ಸವಣೂರು ತಾಲೂಕಿನಲ್ಲಿ, ಹುಬ್ಬಳ್ಳಿಗೂ ಹಾವೇರಿಗೂ ನಡುವೆ ರೈಲು ಹಳಿಯ ಮೇಲಿದೆ. ಸುತ್ತ ಗೋವಿನಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ. ದ್ರಾಕ್ಷಿ ಬಳ್ಳಿ ಹುಡುಕಿದರೂ ಸಿಗೋದು ಕಷ್ಟ. ಆದರೆ ನಾನು ಮಾತಾಡ್ತಿರೋದು ದ್ರಾಕ್ಷಿಯ ಬಗ್ಗೆ ಮಾತ್ರ ಅಲ್ಲ, ರುಚಿಗೆ ಬೆಲೆ ಕಟ್ಟುವ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದರ ಬಗ್ಗೆ. ಅದು ಮೆಣಸಿನಕಾಯಿ ಬೆಳೆಯುವವರಿಗೆ ಚೆನ್ನಾಗಿ ಗೊತ್ತಿರೋ ವಿಷಯ.

ಮೊದಲು ಆ ಸಂಜೆಯ ಕಥೆ ಹೇಳಿಬಿಡ್ತೀನಿ. ಧಾರವಾಡದಲ್ಲಿ ಕೂಡಿ ಓದಿದ ಆರು ಮಂದಿ ಗೆಳೆಯರು ಹುಬ್ಬಳ್ಳಿಯಲ್ಲಿ ಒಬ್ಬನ ಮನೆ ಮಾಳಿಗೆ ಮೇಲೆ ಸೇರಿದ್ದೆವು. ಅದರಲ್ಲಿ ಇಬ್ಬರು ಬೆಂಗಳೂರಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಯವರು, ವೈನಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಒಬ್ಬ ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರ. ನಾನು ರಾತ್ರಿ ಊರಿಗೆ ಗಾಡಿ ಓಡಿಸಬೇಕಿತ್ತು, ಹಾಗಾಗಿ ಸುರಿಯುವ ಕೆಲಸ ನನ್ನ ಪಾಲಿಗೆ ಬಂತು. ಐದು ಬಾಟಲಿ ಕೆಂಪು ವೈನ್ ಇದ್ದವು: ಫ್ರಾನ್ಸಿನ ಬೋರ್ಡೋ, ಇಟಲಿಯದೊಂದು, ಆಸ್ಟ್ರೇಲಿಯಾದ ಶಿರಾಜ್, ನಾಸಿಕದ್ದೊಂದು, ವಿಜಯಪುರ ಸೀಮೆಯ ದ್ರಾಕ್ಷಿಯದೊಂದು. ಪೇಪರು ಸುತ್ತಿದರೂ ಬಾಟಲಿಯ ಭುಜ ನೋಡಿ ಊರು ಹೇಳುವ ಜಾಣರಿರ್ತಾರೆ. ಅದಕ್ಕೆ ಅಡುಗೆಮನೆಯಲ್ಲೇ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಒಂದೇ ತರಹದ ಸ್ಟೀಲ್ ಜಗ್ಗುಗಳಿಗೆ ಸುರಿದು ನಂಬರ್ ಅಂಟಿಸಿದೆ. ಬಾಟಲಿ ಐದು, ಜಗ್ಗು ಆರು. ಬೋರ್ಡೋವನ್ನು 2ನೇ ಜಗ್ಗಿಗೂ 5ನೇ ಜಗ್ಗಿಗೂ ಹಾಕಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಶುರುವಾಗುವ ಮೊದಲೇ ತೀರ್ಪು ಬಂದಿತ್ತು. ಬೆಂಗಳೂರಿನ ಗೆಳೆಯ ಹೇಳಿದ: "ಬಿಜಾಪುರದಾಗ ಒಣದ್ರಾಕ್ಷಿ ಆಗ್ತೈತಿ, ವೈನ್ ಆಗೂದಿಲ್ಲ ಬಿಡ್ರಿ." ಬೆಳೆಗಾರ ಗೆಳೆಯ ಏನೂ ಅನ್ನಲಿಲ್ಲ. ಶೇಂಗಾ ಬಿಡಿಸ್ತಾ ಕೂತ.

ಐದು ಮಂದಿ ಆರು ಜಗ್ಗಿನ ರುಚಿ ನೋಡಿ ಚೀಟಿಯ ಮೇಲೆ ಕ್ರಮ ಬರೆದರು. ಒಟ್ಟು ಮಾಡಿದರೆ ಮೊದಲು ಬಂದದ್ದು ಆಸ್ಟ್ರೇಲಿಯಾದ್ದು. 2ನೇ ಜಗ್ಗಿನ ಬೋರ್ಡೋಗೆ ಎರಡನೇ ಸ್ಥಾನ. ವಿಜಯಪುರದ್ದು ಮೂರನೆಯದು. ಕಟ್ಟಕಡೆಗೆ ಬಂದದ್ದು 5ನೇ ಜಗ್ಗು. ಅಂದರೆ ಅದೇ ಬೋರ್ಡೋ! ಅದರ ಎದುರು ಬೆಂಗಳೂರಿನ ಗೆಳೆಯ ಬರೆದಿದ್ದ: "ನಮ್ಮ ಕಡೀದು, ಸುಟ್ಟ ರಬ್ಬರ್ ವಾಸನಿ." ಫ್ರಾನ್ಸಿನ ಮಣ್ಣು, ಫ್ರಾನ್ಸಿನ ಬಿಸಿಲು, ಎಲ್ಲಾ ಒಂದು ಸ್ಟೀಲ್ ಜಗ್ಗಿನಲ್ಲಿ ಸುಟ್ಟ ರಬ್ಬರ್ ಆಗಿ ಹೋಯಿತು.

ಗಮನಿಸ್ರಿ, ನಮ್ಮ ನಾಡಿನದು ಗೆದ್ದಿತು ಅಂತ ನಾನು ಹೇಳ್ತಿಲ್ಲ. ಗೆಲ್ಲಲಿಲ್ಲ. ಒಂದು ಸಂಜೆ, ಐದು ನಾಲಿಗೆ, ಅದರಿಂದ ಯಾವ ವೈನ್ ಉತ್ತಮ ಅಂತ ತೀರ್ಮಾನ ಮಾಡಲಿಕ್ಕೂ ಆಗೋದಿಲ್ಲ. ಸಾಬೀತಾದದ್ದು ಇಷ್ಟೇ: ಚೀಟಿ ಕಿತ್ತ ಮೇಲೆ ಅವರ ಬಳಿ ಗಟ್ಟಿಯಾಗಿ ಹೇಳಲಿಕ್ಕೆ ಏನೂ ಉಳಿದಿರಲಿಲ್ಲ. ಆದರೆ ಚೀಟಿ ಇದ್ದಾಗ ಮಾತ್ರ ಒಬ್ಬ ರೈತನ ಎದುರಿಗೇ ಅವನ ಸೀಮೆಯನ್ನು ತಳ್ಳಿಹಾಕುವಷ್ಟು ಧೈರ್ಯ ಇತ್ತು.

ಇದು ಹುಬ್ಬಳ್ಳಿಯ ಮಾಳಿಗೆಗೆ ಮಾತ್ರ ಸೀಮಿತವಾದ ರೋಗ ಅಲ್ಲ. ಬೋರ್ಡೋದಲ್ಲೇ, ವೈನ್ ವಿದ್ಯೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಫ್ರೆಡರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಆ ವಿದ್ಯಾರ್ಥಿಗಳು ಅದನ್ನು ಮೂಸಿ, ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. 2001ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮೂಗಿಗಿಂತ ಕಣ್ಣು ಮುಂದೆ ಓಡಿತ್ತು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 90 ಡಾಲರಿನ ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಅಂತ ಹೇಳಿ ಕುಡಿಸಿ, ಮಿದುಳನ್ನು ಸ್ಕ್ಯಾನ್ ಮಾಡಿದರು. ಬೆಲೆ ಹೆಚ್ಚು ಅಂದಾಗ ಜನ ಹೆಚ್ಚು ರುಚಿ ಅಂದರು. ಮಿದುಳಿನಲ್ಲಿ ಸುಖ ಗುರುತಿಸುವ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಅವರು ಸುಳ್ಳು ಹೇಳಲಿಲ್ಲ, ಬೆಲೆಯನ್ನೇ ನಿಜವಾಗಿ ಸವಿದರು.

ಪಂಡಿತರ ಕಥೆ ಬೇರೆ ಅಂತೀರಾ? ರಾಬರ್ಟ್ ಹಾಡ್ಜ್‌ಸನ್ ಅನ್ನುವ ನಿವೃತ್ತ ಪ್ರಾಧ್ಯಾಪಕರು, ಸ್ವತಃ ವೈನ್ ಮಾಡುವವರು, ಕ್ಯಾಲಿಫೋರ್ನಿಯಾದ ರಾಜ್ಯಮೇಳದ ತೀರ್ಪುಗಾರರನ್ನೇ ಪರೀಕ್ಷಿಸಿದರು. ಒಂದೇ ಬಾಟಲಿಯ ವೈನನ್ನು ಬೇರೆ ಬೇರೆ ಗ್ಲಾಸುಗಳ ನಡುವೆ ಮೂರು ಸಲ ಇಟ್ಟರು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. ಇನ್ನು 1976ರ ಮೇ 24ರ ಪ್ಯಾರಿಸ್ ಪರೀಕ್ಷೆಯಂತೂ ಜಗತ್ತಿಗೇ ಗೊತ್ತು. ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವ್ಯಾಪಾರಿ ಫ್ರಾನ್ಸಿನ ಘಟಾನುಘಟಿ ತೀರ್ಪುಗಾರರನ್ನು ಕೂರಿಸಿ, ಹೆಸರು ಮುಚ್ಚಿ ಸುರಿದ. ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾ ಮೊದಲು ಬಂತು. ಅಲ್ಲಿಯತನಕ ಕ್ಯಾಲಿಫೋರ್ನಿಯಾ ಅಂದರೆ ಮೂಗು ಮುರಿಯುತ್ತಿದ್ದವರು, ಮೂಗಿನ ಮೇಲೆ ಬೆರಳಿಡಬೇಕಾಯಿತು. ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ಜಗತ್ತಿನ ಬಾಗಿಲು ತೆರೆದದ್ದು ಆ ಮುಚ್ಚಿದ ಬಾಟಲಿ.

ನಮ್ಮ ಬೆಳೆಗಾರರಿಗೆ ಆ ಬಾಗಿಲು ಯಾಕೆ ತೆರೆಯಲಿಲ್ಲ? ನಂದಿಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿಯ ಬಳ್ಳಿಗಳು ಬೇರು ಬಿಟ್ಟು ಮೂರು ದಶಕ ದಾಟಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಅದಕ್ಕೊಂದು ಮಂಡಳಿಯೂ ಆಯಿತು. ಆ ಹುಮ್ಮಸ್ಸಿನ ಕಾಲದಲ್ಲೇ ನಮ್ಮ ಗೆಳೆಯ ಎರಡು ಎಕರೆಗೆ ವೈನ್ ದ್ರಾಕ್ಷಿ ಹಚ್ಚಿದ. ಒಂದು ವೈನರಿಯ ಜೊತೆ ಒಪ್ಪಂದ. ಎರಡು ಸುಗ್ಗಿ ಕೊಂಡರು. ಮೂರನೇ ಸುಗ್ಗಿಗೆ "ಈ ವರ್ಷ ಬ್ಯಾಡ" ಅಂದರು. ಕಾರಣ ಕೇಳಿದರೆ ಸಿಕ್ಕ ಉತ್ತರ: ಹೋಟೆಲುಗಳಲ್ಲಿ ಕೇಳೋರಿಲ್ಲ, ಗೋದಾಮಿನಲ್ಲಿ ಮಾಲು ಹಾಗೇ ಕೂತಿದೆ.

ವೈನ್ ದ್ರಾಕ್ಷಿಯ ಸಂಕಟ ಏನು ಅಂತ ಪೇಟೆಯ ರಸಿಕರಿಗೆ ಗೊತ್ತಿಲ್ಲ. ಅದು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ಸಂತೆಯಲ್ಲಿ ತಿನ್ನಲಿಕ್ಕೆ ಯಾರೂ ಕೇಳೋದಿಲ್ಲ, ಬೀಜ ಇರೋದರಿಂದ ಒಣದ್ರಾಕ್ಷಿಗೂ ಬರೋದಿಲ್ಲ. ಕೊಳ್ಳುವವ ಕೈ ಎತ್ತಿದರೆ ಬಳ್ಳಿಯಲ್ಲೇ ಕೊಳೀಬೇಕು. ಗೆಳೆಯ ಬಳ್ಳಿ ಕಿತ್ತು ಹಾಕಿದ. ಈಗ ಮತ್ತೆ ಬೀಜವಿಲ್ಲದ ದ್ರಾಕ್ಷಿ, ಮತ್ತೆ ಒಣದ್ರಾಕ್ಷಿಯ ಶೆಡ್ಡು. ಅವನ ಬಳ್ಳಿ ಹೋದದ್ದಕ್ಕೆ ನೂರು ಕಾರಣ ಇರಬಹುದು. ಆದರೆ ಹೋಟೆಲಿನ ಪಟ್ಟಿ ತೆರೆದು ನಮ್ಮ ನಾಡಿನ ಹೆಸರು ಕಂಡ ಕೂಡಲೇ ಪುಟ ಮಗುಚುವ ಕೈಗಳು ಅದರಲ್ಲಿ ಒಂದು ಕಾರಣ. ಕುಡಿದು "ಬೇಡ" ಅಂದಿದ್ದರೆ ಅದು ಅವರ ಹಕ್ಕು. ಕುಡಿಯದೇ ಬೇಡ ಅಂದದ್ದು ಅನ್ಯಾಯ.

ಇನ್ನು ಆ ದುಬಾರಿ ಬೆಲೆಯ ಗುಟ್ಟನ್ನೂ ಹೇಳಿಬಿಡಬೇಕು. ಹೊರದೇಶದ ವೈನಿನ ಮೇಲೆ ನಮ್ಮ ದೇಶ ವರ್ಷಗಟ್ಟಲೆ ಹಾಕುತ್ತಾ ಬಂದ ಆಮದು ಸುಂಕ ಶೇಕಡಾ 150. ಆಸ್ಟ್ರೇಲಿಯಾದ ಜೊತೆ 2022ರ ಒಪ್ಪಂದವಾದ ಮೇಲೆ ಅಲ್ಲಿನ ದುಬಾರಿ ಬಾಟಲಿಗಳಿಗೆ ಸುಂಕ ಇಳಿಯಿತು. ಸುಂಕದ ಮೇಲೆ ರಾಜ್ಯದ ಅಬಕಾರಿ, ಸಾಗಣೆ, ಅಂಗಡಿಯ ಲಾಭ. ಅಲ್ಲಿನ ಊರಲ್ಲಿ ದಿನಾ ಊಟಕ್ಕೆ ಕುಡಿಯುವ ಸಾಧಾರಣ ವೈನು ಇಲ್ಲಿಗೆ ಬರುವಷ್ಟರಲ್ಲಿ ಹಬ್ಬದ ವೈನಿನ ಬೆಲೆಗೆ ಏರಿರ್ತದೆ. "ಇಷ್ಟು ಬೆಲೆ ಅಂದ್ಮ್ಯಾಲೆ ಏನೋ ಇರಬೇಕು" ಅಂತ ಕುಡಿಯುವವನು ಹೆಚ್ಚಿನ ಪಾಲು ಸುಂಕದ ಕಟ್ಟೆಯ ರಸೀದಿಯನ್ನೇ ಕುಡೀತಿದ್ದಾನೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನೋದು ಇದಕ್ಕೇ.

ಭಾಷೆಯ ವಿಷಯಕ್ಕೆ ಬರೋಣ. ವೈನ್ ಪಂಡಿತರು ಬಾಯಿ ತೆರೆದರೆ ಬ್ಲ್ಯಾಕ್‌ಕರಂಟ್, ಸೀಡರ್ ಮರ, ತಂಬಾಕಿನ ಡಬ್ಬಿ ಅಂತಾರೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ಗಿಡದಲ್ಲಿ ಕಂಡವರು ಹಾವೇರಿ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು? ಐಸ್‌ಕ್ರೀಮಿನಲ್ಲಿ ಕಂಡಿರಬಹುದು. ಕಾಣದ ಹಣ್ಣಿನ ವಾಸನೆಯನ್ನು ಕಾಣದ ದೇಶದ ವೈನಿನಲ್ಲಿ ಹುಡುಕಿ, ಸಿಕ್ಕಿತು ಅಂತ ತಲೆ ಆಡಿಸುವುದಕ್ಕೆ ಏನು ಹೆಸರು ಕೊಡಬೇಕು?

ಅದೇ ಸಂಜೆ ಗೆಳೆಯನ ಹೆಂಡತಿ, ನಾವೆಲ್ಲ ವೈನಿ ಅನ್ನೋದು, ಮಿರ್ಚಿ ತಟ್ಟೆ ಹಿಡಕೊಂಡು ಮಾಳಿಗೆಗೆ ಬಂದರು. "ವೈನ್ ಬಗ್ಗೆ ವೈನಿ ಹೇಳ್ಲಿ" ಅಂತ ಯಾರೋ ನಗೆಯಾಡಿದರು. ಅವರು ಕುಡಿಯಲಿಲ್ಲ, ಮೂಸಿದರು, ಒಂದೆರಡನ್ನು ನಾಲಿಗೆ ತುದಿಗೆ ಹಚ್ಚಿಕೊಂಡರು. "ನೇರಳಿ ಹಣ್ಣು ತಿಂದ ಮ್ಯಾಲೆ ನಾಲಿಗಿ ಹಿಡದಂಗ ಆಗ್ತೈತಲ್ಲ, ಹಂಗೈತ್ರಿ ಇದು. ಈ ಎರಡನೇದು, ಐದನೇದು ಒಂದ ವಾಸನಿ ಬಂದಂಗ ಆಗ್ತೈತಿ ನನಗ" ಅಂದು ಕೆಳಗೆ ಹೋದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಸಿಕ್ಕದ್ದು ಆಕಸ್ಮಿಕವೇ ಇರಬಹುದು. ಆದರೆ ಅವರಿಗೆ ಯಾವ ದೇಶದ ಮರ್ಯಾದೆಯನ್ನೂ ಕಾಯಬೇಕಿರಲಿಲ್ಲ, ಹಾಗಾಗಿ ಮೂಗು ಹೇಳಿದ್ದನ್ನೇ ಬಾಯಿ ಹೇಳಿತು.

ಅವರು ಹೇಳಿದ ಆ "ಹಿಡಿದಂಗೆ" ಅನ್ನೋದಕ್ಕೆ ನಮ್ಮಲ್ಲಿ ಎಂಥಾ ಪದ ಇದೆ ನೋಡ್ರಿ: ಒಗರು. ಕೆಂಪು ವೈನಿನ ಜೀವಾಳವೇ ಅದು. ದ್ರಾಕ್ಷಿಯ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣ ಇರೋದಿಲ್ಲ. ಸಿಪ್ಪೆ, ಬೀಜದ ಸಮೇತ ಹುದುಗಿಸಿದಾಗ ಬಣ್ಣದ ಜೊತೆ ಟ್ಯಾನಿನ್ ಇಳೀತದೆ. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಿತ್ತುಕೊಳ್ತದೆ. ಆಗ ಬಾಯಿ ಒಣಗಿ, ನಾಲಿಗೆ ಹಿಡಿದಂತಾಗ್ತದೆ. ನಾವು ಹುಟ್ಟಿದಾಗಿನಿಂದ ಆರು ರುಚಿ ಎಣಿಸಿದವರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಹಸಿ ಬಾಳೆಕಾಯಿ, ಎಳೆ ಅಡಿಕೆ, ನೇರಳೆ, ಅಳಲೆಕಾಯಿ, ಇವುಗಳ ಒಗರಿನ ನಡುವಿನ ವ್ಯತ್ಯಾಸ ನಮ್ಮೂರ ಮಕ್ಕಳಿಗೂ ಗೊತ್ತು. ಸವಣೂರಿನ ವೀಳ್ಯದೆಲೆ ಜಗಿಯುವ ಮುದುಕರಿಗೆ ಎಲೆಯ ಖಾರ ಎಲ್ಲಿ ಮುಗಿದು ಅಡಿಕೆಯ ಒಗರು ಎಲ್ಲಿ ಶುರುವಾಯಿತು ಅಂತ ಹೇಳಿಕೊಡಬೇಕಿಲ್ಲ. ಇಷ್ಟು ಆಸ್ತಿ ಮನೆಯಲ್ಲಿಟ್ಟುಕೊಂಡು ಬ್ಲ್ಯಾಕ್‌ಕರಂಟ್ ಸಾಲ ತರೋದು ಯಾವ ಜಾಣತನ?

"ಹಾಗಾದ್ರೆ ತಜ್ಞತೆ ಅನ್ನೋದೇ ಸುಳ್ಳೇನು?" ಅಂತ ಕೇಳಬಹುದು. ಅಲ್ಲವೇ ಅಲ್ಲ. ಹಾಡ್ಜ್‌ಸನ್ ಪರೀಕ್ಷೆಯಲ್ಲಿ ಹತ್ತರಲ್ಲಿ ಒಬ್ಬರಾದರೂ ನಿಂತರು. ಕಲಿತ ನಾಲಿಗೆ ಇದೆ, ಅದಕ್ಕೆ ನಾನು ಕೈ ಮುಗೀತೀನಿ. ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡ್ರಿ. ಚೀಲದ ಬಾಯಿ ಬಿಚ್ಚಿದರೆ, ಪಳಗಿದ ವ್ಯಾಪಾರಿ ಒಂದು ಮುಷ್ಟಿ ಮೆಣಸಿನಕಾಯಿ ಎತ್ತಿ, ಅಮುಕಿ, ಮುರಿದು, ಮೂಸಿ, ಡಬ್ಬಿಯೋ ಕಡ್ಡಿಯೋ, ಹಸಿ ಎಷ್ಟಿದೆ, ಬಣ್ಣ ಎಷ್ಟು ಬಿಟ್ಟೀತು ಅಂತ ಅಂದಾಜು ಮಾಡ್ತಾನೆ. ಇದು ಫ್ರಾನ್ಸಿನ ಯಾವ ಪಂಡಿತನಿಗೂ ಕಡಿಮೆಯಿಲ್ಲದ ವಿದ್ಯೆ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಕಡಿಮೆ ಖಾರ, ಗಾಢ ಬಣ್ಣ. ಅದರ ಸತ್ವ ತೆಗೆದು ತಿನಿಸಿಗಷ್ಟೇ ಅಲ್ಲ, ಲಿಪ್‌ಸ್ಟಿಕ್ಕಿಗೂ ಬಳಸ್ತಾರೆ.

ಆದರೆ ಅಲ್ಲೂ ಒಂದು ಪ್ರಶ್ನೆ ಇದೆ. ಆ ವಿದ್ಯೆ ಯಾರ ಪರವಾಗಿ ಕೆಲಸ ಮಾಡ್ತದೆ? ಕೊಳ್ಳುವವನಿಗೆ ಗೊತ್ತಿರೋದು ಬೆಳೆದವನಿಗೆ ಗೊತ್ತಾಗೋದಿಲ್ಲ. ಚೀಟಿಯ ಮೇಲೆ ದರ ಬರ್ತದೆ, ಯಾಕೆ ಆ ದರ ಅಂತ ಬರೋದಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ನಾವೆಲ್ಲ ಟಿವಿಯಲ್ಲಿ ಕಂಡೆವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸೋದಿಲ್ಲ. ಆದರೆ ವರ್ಷದ ದುಡಿಮೆಗೆ ಯಾರೋ ಬರೆದ ಒಂದು ಅಂಕಿ, ಅದಕ್ಕೆ ವಿವರಣೆಯಿಲ್ಲ, ಮರುಪರೀಕ್ಷೆಯಿಲ್ಲ ಅಂದಾಗ ಮನುಷ್ಯನಿಗೆ ಏನನ್ನಿಸ್ತದೆ ಅಂತ ಊಹಿಸೋದು ಕಷ್ಟ ಅಲ್ಲ. ಮಾಳಿಗೆಯ ಮೇಲೆ ಶೇಂಗಾ ಬಿಡಿಸ್ತಾ ಸುಮ್ಮನೆ ಕೂತವನ ಸಿಟ್ಟೂ ಅದೇ ಜಾತಿಯದು, ಸದ್ದು ಮಾತ್ರ ಇರಲಿಲ್ಲ.

ಇನ್ನೊಂದು ಆಕ್ಷೇಪ ಬರ್ತದೆ: "ಲೇಬಲ್ ಬ್ಯಾಡ ಅಂತೀ, ಮತ್ತ ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಭೌಗೋಳಿಕ ಗುರುತು ಸಿಕ್ಕಾಗ ಖುಷಿ ಪಟ್ಟಿಲ್ಲೇನು? ಅದೂ ಲೇಬಲ್ ಅಲ್ಲೇನು?" ಪಟ್ಟೀನಿ. ಈಗಲೂ ಅದರ ಪರ. ಆದರೆ ಎರಡರ ನಡುವೆ ವ್ಯತ್ಯಾಸ ಇದೆ. "ಇದು ಇಂಥಾ ಊರಲ್ಲಿ ಬೆಳೆದದ್ದು" ಅನ್ನೋದು ಮಾಹಿತಿ. ಅದನ್ನು ಸುಳ್ಳು ಬರೆದರೆ ಮೋಸ, ಕಾನೂನು ಹಿಡೀಬೇಕು. "ಇಂಥಾ ಊರದ್ದು, ಆದ್ದರಿಂದ ರುಚಿ" ಅನ್ನೋದು ತೀರ್ಪು. ಅದನ್ನು ಚೀಟಿ ಕೊಡಲಿಕ್ಕೆ ಬರೋದಿಲ್ಲ. ಊರಿನ ಹೆಸರು ಚೀಟಿ ಹೇಳಲಿ, ರುಚಿಯ ಮಾತು ನಾಲಿಗೆ ಹೇಳಲಿ. ಒಬ್ಬರ ಕೆಲಸ ಇನ್ನೊಬ್ಬರು ಮಾಡಬಾರದು.

ಮೂರನೇ ಆಕ್ಷೇಪ ದೊಡ್ಡದು, ನಮ್ಮ ಮನೆಯಲ್ಲೇ ಬಂದದ್ದು: "ಕುಡಿಯೂದ ತಪ್ಪು, ಅದರಾಗ ನ್ಯಾಯ ಬ್ಯಾರೆ ಕೇಳ್ತಿ." ಕುಡಿರಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ವೈನಿನಲ್ಲೂ ಶೇಕಡಾ 12ರಿಂದ 14ರಷ್ಟು ಆಲ್ಕೋಹಾಲ್ ಇದೆ. ಫ್ರೆಂಚ್ ಹೆಸರು ಇಟ್ಟರೆ ಪಿತ್ತಕೋಶ ಮರುಳಾಗೋದಿಲ್ಲ. ಆದರೆ ಇಲ್ಲೂ ಲೇಬಲ್ಲಿನ ಆಟ ನೋಡ್ರಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಮನೆ ಹಾಳಾದದ್ದನ್ನು ಕಂಡ ಹೆಣ್ಣುಮಕ್ಕಳು ಅದಕ್ಕಾಗಿ ಹೋರಾಡಿದ್ದರು, ಅದು ಸರಿಯಾದದ್ದೇ. ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಪಾಕೀಟು ಹಿಡಿದವನು ಕುಡುಕ, ಗ್ಲಾಸಿನ ಕಾಲು ಹಿಡಿದವನು ರಸಿಕ. ಮನುಷ್ಯನಿಗೂ ನಾವು ಲೇಬಲ್ ಹಚ್ಚಿಯೇ ಬೆಲೆ ಕಟ್ಟುವವರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಳೇ ರೋಗಕ್ಕೆ ಕುಡಿಯುವವರು, ಕುಡಿಯದವರು ಅನ್ನುವ ಭೇದ ಇಲ್ಲ.

ಹಾಗಾದ್ರೆ ಏನು ಮಾಡಬೇಕು? ಮೂರು ಮಾತು ಹೇಳ್ತೀನಿ.

ಒಂದು, ವೈನ್ ಮೇಳ ಮಾಡುವವರು ಒಂದು ಮೇಜನ್ನಾದರೂ ಮುಚ್ಚಿದ ಬಾಟಲಿಗೆ ಮೀಸಲಿಡಲಿ. ಹೊರದೇಶದ್ದು, ನಾಸಿಕದ್ದು, ನಂದಿಬೆಟ್ಟದ್ದು, ವಿಜಯಪುರದ್ದು ಎಲ್ಲಾ ಒಂದೇ ತರಹದ ಜಗ್ಗಿನಲ್ಲಿ ಇರಲಿ. ಜನ ಕೊಟ್ಟ ಅಂಕವನ್ನು ಅಲ್ಲೇ ಹಲಗೆ ಮೇಲೆ ಬರೀಲಿ. ನಮ್ಮದು ಸೋತರೆ ಸೋಲಲಿ. ಯಾಕೆ ಸೋತಿತು ಅಂತ ತಿಳಿದರೆ ಮುಂದಿನ ಸುಗ್ಗಿಗೆ ತಿದ್ದಿಕೊಳ್ಳಲಿಕ್ಕೆ ದಾರಿ ಇರ್ತದೆ. ರುಚಿ ನೋಡದೇ ಸೋಲಿಸಿದರೆ ತಿದ್ದಿಕೊಳ್ಳೋದು ಏನನ್ನು?

ಎರಡು, ಮೆಣಸಿನಕಾಯಿಯ ಬಣ್ಣ, ತೇವಾಂಶವನ್ನು ಯಂತ್ರದಲ್ಲಿ ಅಳೆಯಲಿಕ್ಕೆ ಬರ್ತದೆ. ರಫ್ತು ಮಾಡುವವರು ಅಳೆಸ್ತಾರೆ. ಹೆಸರಿಲ್ಲದ, ನಂಬರು ಮಾತ್ರ ಇರುವ ಮಾದರಿಯ ಮೇಲೆ ಆ ಅಳತೆ ಆಗಲಿ. ದರದ ಚೀಟಿಯ ಜೊತೆ ಆ ಅಂಕಿಯೂ ರೈತನ ಕೈಗೆ ಬರಲಿ. ಇದು ದಾನ ಅಲ್ಲ, ಅವನ ಮಾಲಿನ ಬಗ್ಗೆ ಅವನಿಗೆ ಇರಬೇಕಾದ ತಿಳಿವಳಿಕೆ.

ಮೂರನೆಯದು ನಮಗೆ, ಅಂದರೆ ಓದುವ ನಿಮಗೂ ಬರೆಯುವ ನನಗೂ. ವೈನ್ ಬೇಡದವರು ಬೆಲ್ಲ ತಗೊಳ್ರಿ, ತುಪ್ಪ ತಗೊಳ್ರಿ, ಶೇಂಗಾ ಎಣ್ಣಿ ತಗೊಳ್ರಿ. ದೊಡ್ಡ ಅಂಗಡಿಯ ಹೊಳೆಯುವ ಡಬ್ಬಿಯದೊಂದು, ಊರ ಗಾಣದ್ದೊಂದು, ಸಂತೆಯದೊಂದು. ಚೀಟಿ ಕಿತ್ತು ಒಂದೇ ತರಹದ ವಾಟಿಗಳಲ್ಲಿ ಹಾಕಿ, ಮನೆಯವರ ಮುಂದೆ ಇಡ್ರಿ. ಯಾವುದು ಇಷ್ಟ ಅಂತ ಕೇಳ್ರಿ, ಯಾವುದು ದುಬಾರಿ ಅಂತ ಕೇಳಬ್ಯಾಡ್ರಿ. ಡಬ್ಬಿಯದೇ ಇಷ್ಟವಾದರೆ ಅದನ್ನೇ ತಗೊಳ್ರಿ, ನನ್ನ ತಕರಾರಿಲ್ಲ. ಆದರೆ ಬೆಳೆದವನ ಮುಖ ನೋಡಿ "ನಿಮ್ಮ ಕಡೆ ಇದೆಲ್ಲ ಆಗೂದಿಲ್ಲ ಬಿಡ್ರಿ" ಅನ್ನುವ ಮೊದಲು, ಆ ಮಾತು ನಾಲಿಗೆ ಮೇಲಿಂದ ಬಂತೋ ಚೀಟಿ ಮೇಲಿಂದ ಬಂತೋ ಅಂತ ಒಂದು ಸಲ ನೋಡಿಕೊಳ್ರಿ. ಆ ಮಾತಿನಿಂದ ಎಲ್ಲೋ ಎರಡು ಎಕರೆ ಬಳ್ಳಿ ಬೇರು ಸಮೇತ ಮೇಲೆ ಬರ್ತದೆ.